ಇಂಜಿನಿಯರಿಂಗ್ ಬಿಟ್ಟು ರಂಗ ಹಿಡಿದ ಸೋಲಾಪುರದ ಹುಡುಗ

ನಮ್ಮ ಕುರನೂರಿನಿಂದ ಸೋಲಾಪುರಕ್ಕೆ ನಾವು ಹೋಗುವುದು ಹೆಚ್ಚಾಗಿ ಮೂರು ಕೆಲಸಗಳಿಗೆ: ಅಡತಿ ಅಂಗಡಿಯ ಹಿಶೇಬು, ದವಾಖಾನೆ, ಮದುವೆಯ ಜವಳಿ. ನಾಟಕ ನೋಡಲಿಕ್ಕೆಂದೇ ಎಸ್.ಟಿ. ಬಸ್ಸು ಹತ್ತಿದವರು ನಮ್ಮೊಳಗೆ ವಿರಳ. ಬೋರಿ ನದಿಯ ಧರಣದ ನೀರು ಈ ವರ್ಷ ಎಷ್ಟು ನಿಂತಿದೆ, ತೊಗರಿಯ ಧಾರಣೆ ಎಷ್ಟಾಯಿತು ಎಂಬ ಮಾತುಗಳ ನಡುವೆ ರಂಗಭೂಮಿಯ ವಿಷಯ ಬರುವುದೇ ಇಲ್ಲ. ಆದ್ದರಿಂದ ಈ ತಿಂಗಳು ನಟನೊಬ್ಬನ ಬಗ್ಗೆ ಬರೆದದ್ದನ್ನು ಕಂಡು ವಾಚಕರು ಹುಬ್ಬು ಏರಿಸಿದರೆ ಆಶ್ಚರ್ಯವಿಲ್ಲ.

ಬರೆಯಲು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಕಾಕಾ ಒಬ್ಬರು ಅಕ್ಕಲಕೋಟೆಯ ಬಟ್ಟೆ ಅಂಗಡಿಯ ಗಾದಿಯ ಮೇಲೆ ಐವತ್ತು ವರ್ಷ ಕುಳಿತವರು. ಹರೆಯದಲ್ಲಿ ಅವರದು ಕಂಚಿನಂಥ ಕಂಠ. ಪಂಚಕಲ್ಯಾಣ ಮಹೋತ್ಸವದಲ್ಲಿ ಸವಾಲು ಹಿಡಿದು ಇಂದ್ರನಾದವರು ಬೇರೆ ಶ್ರೀಮಂತರು. ಅವರ ಪರವಾಗಿ ಮಾತು ಹೇಳಿಕೊಟ್ಟವರು ನಮ್ಮ ಕಾಕಾ. ನಾಟಕ ಕಂಪನಿಯೊಂದು ಊರಿಗೆ ಬಂದಾಗ ಮಾಲಕರು ಅವರನ್ನು ಕರೆದರಂತೆ. ಅಜ್ಜ ಒಂದೇ ಮಾತು ಕೇಳಿದರು: “ನಾಟಕದವನಿಗೆ ಹೆಣ್ಣು ಕೊಡುವವರು ಯಾರಪ್ಪಾ?” ಕಾಕಾ ಮರುದಿನ ಬೆಳಿಗ್ಗೆ ಹೋಗಿ ಅಂಗಡಿಯ ಬಾಗಿಲು ತೆರೆದರು. ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ಆದರೆ ಅತುಲ ಕುಲಕರ್ಣಿಯವರ ಯಾವ ಚಿತ್ರ ಬಂದರೂ ಕಾಕಾ ತಪ್ಪಿಸುವುದಿಲ್ಲ. “ಅಂವಾ ನಮ್ಮ ಸೋಲಾಪುರದಾಂವಾ” ಎನ್ನುತ್ತಾರೆ, ಸ್ವಂತ ತಮ್ಮನ ಮಗನ ಬಗ್ಗೆ ಹೇಳಿದಂತೆ.

ಅತುಲ ಕುಲಕರ್ಣಿಯವರು ಹುಟ್ಟಿದ್ದು 1965ರ ಸೆಪ್ಟೆಂಬರ 10ರಂದು, ಬೆಳಗಾವಿಯಲ್ಲಿ. ಬೆಳೆದದ್ದು ಸೋಲಾಪುರದಲ್ಲಿ. ಗಡಿಯ ಆಚೆ ಈಚೆ ಎಂಬ ಜಗಳ ರಾಜಕಾರಣದವರಿಗೆ ಇರಲಿ, ನಮ್ಮ ಕಡೆಯ ಮಕ್ಕಳು ಹೀಗೆಯೇ ಎರಡೂ ಕಡೆ ಬೆಳೆಯುತ್ತಾರೆ. ಅವರು ಓದಿದ್ದು ಹರಿಭಾಯಿ ದೇವಕರಣ ಪ್ರಶಾಲೆಯಲ್ಲಿ. ಸೋಲಾಪುರದ ನಮ್ಮ ಸಮಾಜದ ವ್ಯಾಪಾರಿ ಮನೆತನವೊಂದರ ಹೆಸರು ಆ ಶಾಲೆಯ ಬಾಗಿಲ ಮೇಲೆ ಇದೆ. ಹತ್ತಿಯಲ್ಲಿ, ಲೇವಾದೇವಿಯಲ್ಲಿ ಗಳಿಸಿದ್ದನ್ನು ವಿದ್ಯೆಗೆ ತೆಗೆದಿಟ್ಟ ಆ ಕಾಲದ ಹಿರಿಯರು ಅಲ್ಲಿಂದ ನಟನೊಬ್ಬ ಹೊರಡುತ್ತಾನೆಂದು ಎಣಿಸಿರಲಾರರು. ಹೈಸ್ಕೂಲಿನಲ್ಲಿಯೇ ಅವರು ಮೊದಲ ಸಲ ರಂಗ ಹತ್ತಿದ್ದು.

ಹನ್ನೆರಡನೆಯ ಇಯತ್ತೆಯ ನಂತರ ಪುಣೆಯ ಇಂಜಿನಿಯರಿಂಗ್ ಕಾಲೇಜು. ಆ ಕಾಲೇಜಿನಲ್ಲಿ ಸೀಟು ಸಿಕ್ಕರೆ ನಮ್ಮ ಮನೆಗಳಲ್ಲಿ ಪೇಢೆ ಹಂಚುತ್ತಾರೆ. ಅವರು ಅದನ್ನು ನಡುವೆಯೇ ಬಿಟ್ಟು ಸೋಲಾಪುರಕ್ಕೆ ಮರಳಿದರು, ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಪದವಿ ಮುಗಿಸಿದರು. ಸೀಟು ಬಿಟ್ಟು ಬಂದ ಹುಡುಗನನ್ನು ಓಣಿಯ ಜನ ಹೇಗೆ ನೋಡುತ್ತಾರೆ, “ಮುಂದ ಏನು?” ಎಂದು ಎಷ್ಟು ಸಲ ಕೇಳುತ್ತಾರೆ ಎಂಬುದನ್ನು ನಾವು ಬಲ್ಲೆವು.

ಇಲ್ಲಿ ಇನ್ನೊಬ್ಬ ಸೋಲಾಪುರದವರ ನೆನಪಾಗುತ್ತದೆ. 1882ರಲ್ಲಿ ಇದೇ ಊರಿನ ದಿಗಂಬರ ಜೈನ ಮನೆಯಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮನೆತನದ ಹತ್ತಿ ಮತ್ತು ಸಾಹುಕಾರಿಕೆಯ ಗಾದಿ ಬಿಟ್ಟು ಬಾರ್ಶಿಯ ಸಣ್ಣ ರೈಲುಹಾದಿಯ ಗುತ್ತಿಗೆ ಹಿಡಿದಾಗ ಮನೆಯವರಿಗೆ ಅದೂ ಹುಚ್ಚಾಟವೇ. ಮುಂದೆ ಹಡಗು ನಡೆಸಿದರು, 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆ ತೆಗೆದರು. ಇವರಿಬ್ಬರ ಹಾದಿ ಒಂದೇ ಅಲ್ಲ, ಒಪ್ಪುತ್ತೇವೆ. ಆದರೆ ಗಾದಿ ಬಿಟ್ಟವನೆಲ್ಲ ಕೆಟ್ಟನೆಂಬ ಲೆಕ್ಕ ನಮ್ಮೂರಿನ ಹಿಶೇಬಿನಲ್ಲೇ ಸರಿಹೊಂದುವುದಿಲ್ಲ.

ಸೋಲಾಪುರದಲ್ಲಿ ‘ನಾಟ್ಯ ಆರಾಧನಾ’ ಎಂಬ ಹವ್ಯಾಸಿ ಬಳಗವಿತ್ತು. ಅತುಲ ಅವರು ಅದರಲ್ಲಿ ಸೇರಿ ನಟಿಸಿದರು, ನಾಟಕಗಳನ್ನು ನಿರ್ದೇಶಿಸಿದರು, ಮಹಾರಾಷ್ಟ್ರ ಸರಕಾರದ ರಾಜ್ಯ ನಾಟ್ಯ ಸ್ಪರ್ಧೆಗಳಲ್ಲಿ ಬಹುಮಾನ ಪಡೆದರು. ಹವ್ಯಾಸಿ ನಾಟಕವೆಂದರೆ ಹಗಲು ಕೆಲಸ, ಸಂಜೆ ತಾಲೀಮು. ಪರದೆ ಹೊಲಿಸುವ ಖರ್ಚೂ ಕೈಯಿಂದಲೇ. ಆ ಊರೇ ಹಾಗೆ. ಗಿರಣಿಯ ಭೋಂಗಾ ಕೂಗಿದಾಗ ಮಗ್ಗದ ತೆಲುಗರು, ಅಡತಿಯ ಕನ್ನಡಿಗರು, ಕಚೇರಿಯ ಮರಾಠಿಗರು, ಪೇಟೆಯ ಗುಜರಾತಿಗಳು ಒಂದೇ ಚಹಾ ಅಂಗಡಿಯಲ್ಲಿ ಕೂಡುತ್ತಿದ್ದರು. 1931ರ ಜನೇವರಿ 12ರಂದು ಗಲ್ಲಿಗೇರಿದ ಸೋಲಾಪುರದ ನಾಲ್ವರು ಹುತಾತ್ಮರ ಹೆಸರು ನೋಡಿದರೂ ಸಾಕು: ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ. ಇಂಥ ಪೇಟೆಯಲ್ಲಿ ಕಿವಿ ಬೆಳೆದವನಿಗೆ ಮುಂದೆ ಮರಾಠಿ, ಹಿಂದಿ, ಕನ್ನಡ, ತೆಲುಗು, ತಮಿಳು ಚಿತ್ರಗಳಲ್ಲಿ ನಟಿಸುವುದು ಹೇಗೆ ಸಾಧ್ಯವಾಯಿತೆಂದು ಬೇರೆಯವರು ಬೆರಗಾಗಬಹುದು, ನಮಗೆ ಅಷ್ಟು ಬೆರಗಿಲ್ಲ.

1992ರಲ್ಲಿ ಅವರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಆಗ ಅವರಿಗೆ 26 ವರ್ಷ ಮುಗಿದಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಮದುವೆಯಾಗಿ, ಅಂಗಡಿಯ ಬೀಗದಕೈ ಸೊಂಟಕ್ಕೆ ಬಂದಿರುತ್ತದೆ. ಅವರು ಮತ್ತೆ ವಿದ್ಯಾರ್ಥಿಯಾಗಿ ಮೂರು ವರ್ಷ ಕಳೆದು 1995ರಲ್ಲಿ ಹೊರಬಿದ್ದಾಗ ಮೂವತ್ತರ ಹೊಸ್ತಿಲು. ಆ ಶಾಲೆ ಪದವಿ ಮುಗಿಸಿದವರನ್ನೇ ತೆಗೆದುಕೊಳ್ಳುತ್ತದೆ, ಮೊದಲೇ ರಂಗದ ಅನುಭವ ಬೇಕೆನ್ನುತ್ತದೆ, ಸೇರಿದವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಮಕ್ಕಳು ಕೇಳಿದರೆ ತಂದೆ-ತಾಯಿಗಳಿಗೆ ಗೊತ್ತಿರಲಿ ಎಂದು ಇದನ್ನು ಬರೆದಿದ್ದೇವೆ.

ದಿಲ್ಲಿಯಿಂದ ಬಂದ ಮೇಲೆ ಅವರ ಹೆಸರು ಎತ್ತಿದ ನಾಟಕ ‘ಗಾಂಧಿ ವಿರುದ್ಧ ಗಾಂಧಿ’. ದಿನಕರ ಜೋಶಿಯವರ ಗುಜರಾತಿ ಕಾದಂಬರಿಯನ್ನು ಆಧರಿಸಿ ಅಜಿತ ದಳವಿ ಮರಾಠಿಯಲ್ಲಿ ಬರೆದದ್ದು, ಚಂದ್ರಕಾಂತ ಕುಲಕರ್ಣಿ ನಿರ್ದೇಶಿಸಿದ್ದು. ಅದರಲ್ಲಿ ಅತುಲ ಅವರದು ಮಹಾತ್ಮಾ ಗಾಂಧಿಯ ಪಾತ್ರ. ಕಾಕಾ ಪುಣೆಯಲ್ಲಿ ಬೀಗರ ಮನೆಗೆ ಹೋದಾಗ ಅದನ್ನು ನೋಡಿ ಬಂದವರು ಎರಡು ದಿನ ಸರಿಯಾಗಿ ಮಾತನಾಡಲಿಲ್ಲ.

ಅದರ ವಸ್ತು ನಮ್ಮಂಥ ಮನೆಗಳಿಗೆ ತೀರ ಹತ್ತಿರದ್ದು. ಗಾಂಧೀಜಿ ವಿಲಾಯತಿಗೆ ಹೋಗುವ ಮುಂಚೆ ಜೈನ ಸಾಧು ಬೇಚರಜಿ ಸ್ವಾಮಿಗಳ ಎದುರು ತಾಯಿಗೆ ವಚನ ಕೊಟ್ಟದ್ದು, ಮುಂಬಯಿಯ ಜವಾಹಿರಿ ಶ್ರೀಮದ್ ರಾಜಚಂದ್ರರಿಂದ ಧರ್ಮದ ಮಾರ್ಗ ಕೇಳಿದ್ದು ನಮ್ಮ ವಾಚಕರಿಗೆ ಹೊಸದಲ್ಲ. ಆದರೆ ಅವರ ಹಿರಿಯ ಮಗ ಹರಿಲಾಲರ ಮಾತು ನಾವು ಎತ್ತುವುದು ಕಡಿಮೆ. ಹರಿಲಾಲರಿಗೆ ತಂದೆಯಂತೆ ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗುವ ಆಸೆ. ಅವಕಾಶ ಬಂದಾಗ ತಂದೆ ಅದನ್ನು ಬೇರೆಯವರ ಮಗನಿಗೆ ಕೊಡಿಸಿದರು. ಮಗ 1911ರಲ್ಲಿ ಮನೆ ಬಿಟ್ಟರು. ಮುಂದೆ ವ್ಯಾಪಾರಕ್ಕೆ ಇಳಿದರು, ಸಾಲ ಮಾಡಿದರು, ಸೋತರು, ಕುಡಿತಕ್ಕೆ ಬಿದ್ದರು. ಮಗನ ಹೆಸರಿದ್ದ ಕಂಪನಿಗೂ ತಮಗೂ ಸಂಬಂಧವಿಲ್ಲವೆಂದು 1925ರಲ್ಲಿ ತಂದೆ ತಮ್ಮ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯಬೇಕಾಯಿತು. ತಂದೆ ತೀರಿಕೊಂಡು ಐದು ತಿಂಗಳು ತುಂಬುವ ಮುಂಚೆಯೇ, 1948ರ ಜೂನ 18ರಂದು, ಮಗನೂ ತೀರಿಕೊಂಡರು.

ಇದರಲ್ಲಿ ತಪ್ಪು ಯಾರದು? ಕಾಕಾ ಹೇಳಿದ್ದು ಇಷ್ಟು: “ಆ ಹುಡುಗ ಗಾಂಧಿ ಆಗಿ ನಿಂತಾಗ ಅವರ ಕಡೆ ತಪ್ಪೇ ಇಲ್ಲ ಅನಸತದ. ಮಗಾ ಮಾತಾಡಲಿಕ್ಕೆ ಶುರು ಮಾಡಿದ ಕೂಡಲೇ, ಅಯ್ಯೋ, ಇವಂದೂ ಖರೆ ಐತಲ್ಲ ಅನಸತದ.” ಮೂವತ್ತು ವರ್ಷದ ನಟ ಮುದುಕನ ಕಠೋರತೆಯನ್ನೂ ಅದರೊಳಗಿನ ಸಂಕಟವನ್ನೂ ಹೀಗೆ ಕಾಣಿಸುವುದು ಸಣ್ಣ ಮಾತಲ್ಲ.

ವಿಚಿತ್ರವೆಂದರೆ ಸಿನಿಮಾದಲ್ಲಿ ಅವರಿಗೆ ಮೊದಲ ರಾಷ್ಟ್ರಪ್ರಶಸ್ತಿ ತಂದದ್ದು ಇದರ ತದ್ವಿರುದ್ಧ ಪಾತ್ರ. 2000ದಲ್ಲಿ ಬಂದ ಕಮಲ ಹಾಸನರ ‘ಹೇ ರಾಮ್’ದಲ್ಲಿ ಅವರು ಶ್ರೀರಾಮ ಅಭ್ಯಂಕರ, ಗಾಂಧೀಜಿಯನ್ನು ಕೊಲ್ಲಬೇಕೆಂದು ಇನ್ನೊಬ್ಬನ ಮನಸ್ಸಿನಲ್ಲಿ ವಿಷ ಬಿತ್ತುವವನು. ನಿನ್ನೆ ಗಾಂಧಿಯಾಗಿ ಕೈ ಮುಗಿಸಿಕೊಂಡವನು ಇಂದು ಹಿಂಸೆಯ ಮಾತನ್ನು ಅಷ್ಟೇ ನಂಬಿಸುವಂತೆ ಆಡಬೇಕು. ಅಹಿಂಸೆಯನ್ನೇ ಪರಮಧರ್ಮವೆನ್ನುವ ನಮಗೆ ಅದನ್ನು ನೋಡುವುದು ಸುಲಭವಲ್ಲ. ನೋಡಬಾರದೆಂದು ಮಾತ್ರ ನಾವು ಹೇಳಲಾರೆವು. ದ್ವೇಷ ಎಷ್ಟು ಸಭ್ಯವಾಗಿ, ಎಷ್ಟು ಮೆಲುದನಿಯಲ್ಲಿ ಮನೆ ಹೊಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಮರುವರ್ಷದ ‘ಚಾಂದನಿ ಬಾರ್’ ಚಿತ್ರದ ಪೋತ್ಯಾ ಸಾವಂತ ಪಾತ್ರಕ್ಕೆ ಎರಡನೆಯ ರಾಷ್ಟ್ರಪ್ರಶಸ್ತಿ. ಅದು ಮಕ್ಕಳೊಡನೆ ಕೂತು ನೋಡುವ ಚಿತ್ರವಲ್ಲ.

ಮನೆಮಂದಿಯೆಲ್ಲ ಕೂತು ನೋಡಬೇಕಾದದ್ದು ಬೇರೆ ಎರಡು. ಎರಡೂ ಮರಾಠಿ, ಎರಡೂ ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರರವು. ‘ದಹಾವಿ ಫ’ ಚಿತ್ರದಲ್ಲಿ ಅವರು ದಡ್ಡರೆಂದು ತಳ್ಳಿಟ್ಟ ಹುಡುಗರ ವರ್ಗದ ಶಿಕ್ಷಕ. ‘ದೇವರಾಯಿ’ ಚಿತ್ರದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಶೇಷ. ಮನಸ್ಸಿನೊಳಗೆ ಧ್ವನಿಗಳು, ಹೊರಗೆ ದೇವರ ಕಾಡು, ನಡುವೆ ಅವನನ್ನು ಹಿಡಿದುಕೊಂಡ ಅಕ್ಕರೆಯ ತಂಗಿ. ಇಂಥ ಕಾಯಿಲೆ ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಇಲ್ಲವೆಂದಲ್ಲ. ಇದ್ದರೆ ಹಿಂದಿನ ಕೋಣೆಯಲ್ಲಿ ಇರುತ್ತದೆ, ಬೀಗರಿಗೆ ಗೊತ್ತಾಗಬಾರದೆಂದು. ಯಾರದೋ ಮಾಟ ಎನ್ನುತ್ತಾರೆ, ಹೆಣ್ಣು ತಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಔಷಧವಿದೆ, ಅದನ್ನು ಬಹುಕಾಲ ತಪ್ಪದೆ ಕೊಡಬೇಕು, ರೋಗಿಯ ಜೊತೆ ಇರುವವರಿಗೂ ಆಸರೆ ಬೇಕು. ಅತುಲ ಅವರು ಆ ಶೇಷನನ್ನು ಹುಚ್ಚನನ್ನಾಗಿ ಮಾಡದೆ ಒಬ್ಬ ಬುದ್ಧಿವಂತ, ಹೆದರಿದ ಮನುಷ್ಯನನ್ನಾಗಿ ಮಾಡಿದ್ದಾರೆ. ನಮ್ಮ ಬಳಗದ ಒಬ್ಬ ತಾಯಿ ಆ ಚಿತ್ರ ನೋಡಿದ ಮೇಲೆಯೇ ಮಗನನ್ನು ವೈದ್ಯರಲ್ಲಿಗೆ ಕರೆದೊಯ್ದರು.

2010ರ ಜನೇವರಿ ಒಂದರಂದು ಬಂದ ‘ನಟರಂಗ’ ಅವರ ಎಲ್ಲ ಕೆಲಸಕ್ಕೂ ಕಳಸ ಎನ್ನುತ್ತಾರೆ. ಆನಂದ ಯಾದವರ ಕಾದಂಬರಿ, ರವಿ ಜಾಧವರ ನಿರ್ದೇಶನ. ಕೂಲಿಯ ಗುಣಾ ಕಾಗಲಕರ ಪೈಲವಾನನಂಥ ಆಳು, ತಮಾಶಾದ ಹುಚ್ಚು. ಫಡ ಕಟ್ಟುತ್ತಾನೆ. ರಾಜನ ಪಾತ್ರ ಮಾಡಬೇಕೆಂದವನು, ‘ನಾಚ್ಯಾ’ ಸಿಗದೆ, ಹೆಣ್ಣಿನ ಹಾವಭಾವದ ಆ ಪಾತ್ರವನ್ನು ತಾನೇ ಹೊರಬೇಕಾಗುತ್ತದೆ. ಜನ ನಗುತ್ತಾರೆ, ಮನೆಯವರು ದೂರವಾಗುತ್ತಾರೆ. ಇದಕ್ಕಾಗಿ ಅತುಲ ಅವರು ಮೊದಲು ಮೈ ಬೆಳೆಸಿ ಪೈಲವಾನನಾದರು, ಆಮೇಲೆ ಅದೇ ಮೈಯನ್ನು ಇಳಿಸಿ ನಾಚ್ಯಾ ಆದರು. ಚಿತ್ರಕ್ಕೆ ಅತ್ಯುತ್ತಮ ಮರಾಠಿ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು.

ಅದನ್ನು ನೋಡುವಾಗ ನಮಗೆ ನೀಲಾಂಜನೆ ನೆನಪಾದಳು. ಪಂಪನ ಆದಿಪುರಾಣದಲ್ಲಿ, ನಮ್ಮ ಪಂಚಕಲ್ಯಾಣದ ಮಂಟಪದಲ್ಲಿ ಅವಳು ವೃಷಭದೇವರ ಸಭೆಯಲ್ಲಿ ಕುಣಿಯುತ್ತ ಕುಣಿಯುತ್ತಲೇ ಆಯುಷ್ಯ ಮುಗಿದು ಮಾಯವಾಗುತ್ತಾಳೆ. ಇಂದ್ರ ಕ್ಷಣದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದರೂ ಭಗವಂತನಿಗೆ ಅದು ತಿಳಿದುಬಿಡುತ್ತದೆ. ಆದಿ ತೀರ್ಥಂಕರರ ವೈರಾಗ್ಯಕ್ಕೆ ನಿಮಿತ್ತವಾದದ್ದು ಒಬ್ಬ ನರ್ತಕಿಯ ಕಲೆ. ಅದನ್ನು ಪ್ರತಿ ಮಹೋತ್ಸವದಲ್ಲೂ ಆಡಿಸುವ ನಾವೇ ಮನೆಯ ಹುಡುಗ ರಂಗಕ್ಕೆ ಹೋಗುತ್ತೇನೆಂದರೆ ಮುಖ ತಿರುಗಿಸುತ್ತೇವೆ.

ಕನ್ನಡದವರಿಗೆ ಅವರು ಬಹಳ ಮುಂಚೆಯೇ ಪರಿಚಿತರು. ಕೇಸರಿ ಹರವೂ ಅವರ ‘ಭೂಮಿಗೀತ’ ಪರಿಸರದ ವಿಷಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಅದರಲ್ಲಿ ಅತುಲ ಇದ್ದಾರೆ. 2007ರ ‘ಆ ದಿನಗಳು’ ಚಿತ್ರದ ಅಗ್ನಿ ಶ್ರೀಧರ್ ಪಾತ್ರವನ್ನು ಬೆಂಗಳೂರಿನ ಕಡೆಯ ಜನ ಇನ್ನೂ ನೆನೆಯುತ್ತಾರೆ. ಹಿಂದಿಯ ‘ರಂಗ ದೇ ಬಸಂತಿ’ಯ ರಾಮಪ್ರಸಾದ ಬಿಸ್ಮಿಲ್ ಎಲ್ಲರಿಗೂ ಗೊತ್ತು. ಲೇಖಕರಾಗಿ ಅವರು ‘ಲಾಲ್ ಸಿಂಗ್ ಚಡ್ಡಾ’ದ ಚಿತ್ರಕಥೆ ಬರೆದು ಹತ್ತು ವರ್ಷಕ್ಕೂ ಮೇಲೆ ಕಾದರು; 2022ರಲ್ಲಿ ಬಂದ ಆ ಚಿತ್ರ ಗಲ್ಲೆ ತುಂಬಿಸಲಿಲ್ಲ. ಇಷ್ಟು ವರ್ಷ ಮಾಲು ಗೋದಾಮಿನಲ್ಲಿಟ್ಟು ಕೊನೆಗೆ ಧಾರಣೆ ಬೀಳುವುದು ನಮಗೂ ಹೊಸದಲ್ಲ. ಅವರ ಪತ್ನಿ ಗೀತಾಂಜಲಿಯವರೂ ಅದೇ ನಾಟಕ ಶಾಲೆಯಲ್ಲಿ ಕಲಿತ ಸಮರ್ಥ ನಟಿ. ಇಬ್ಬರೂ ಪಾಲಘರ ಜಿಲ್ಲೆಯ ಆದಿವಾಸಿ ಮಕ್ಕಳ ಓದಿಗಾಗಿ ದುಡಿಯುವ ‘ಕ್ವೆಸ್ಟ್’ ಸಂಸ್ಥೆಯ ಜೊತೆ ಇದ್ದಾರೆ.

ಈಗ ನಮ್ಮ ಮನೆಯ ಮಾತು. ಕಾಕಾರ ಮೊಮ್ಮಗ ಬಿ.ಕಾಂ. ಮುಗಿಸಿ ಸೋಲಾಪುರದ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದಾನೆ. ಈ ವರ್ಷ ದಿಲ್ಲಿಯ ಶಾಲೆಗೆ ಅರ್ಜಿ ಹಾಕುತ್ತೇನೆಂದು ಕೂತಿದ್ದಾನೆ. ಅವನ ಅಪ್ಪ ಬೇಡವೆನ್ನುತ್ತಾನೆ, ಅಜ್ಜ ಅಂದು ಆಡಿದ ಮಾತನ್ನೇ ಆಡುತ್ತಾನೆ. ಕಳೆದ ವಾರ ಕಾಕಾ ಗಲ್ಲೆಯಿಂದ ಅರ್ಜಿಯ ಹಣ, ರೈಲಿನ ಖರ್ಚು ಎಣಿಸಿ ಮೊಮ್ಮಗನ ಕೈಗೆ ಕೊಟ್ಟರು. ಸಂಜೆ ಕೀರ್ದಿ ಬರೆಯುವಾಗ ಮಗ ಕೇಳಿದ: “ಬಾಬಾ, ಇದನ್ನು ಯಾವ ಖಾತೇಕ್ಕ ಬರೀಲಿ? ಮುಳುಗಿದ ಬಾಕಿಗೆ ಬರೀಲೇನು?”

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ಹೆಸರಿಗೆ ಬರಿ” ಎಂದರು.