ಗದ್ದೆ ತೋಟವಾದದ್ದು ಲೆಕ್ಕಕ್ಕೆ ಸಿಗದು

ಭೂಬಳಕೆಯ ದಪ್ಪ ಲೆಕ್ಕದಲ್ಲಿ ಗದ್ದೆಯೂ ಕೃಷಿಭೂಮಿ, ಅಡಿಕೆ ತೋಟವೂ ಕೃಷಿಭೂಮಿ. ಹಾಗಾಗಿ ಭದ್ರಾ ಅಚ್ಚುಕಟ್ಟಿನ ಚನ್ನಗಿರಿ ಸೀಮೆಯಲ್ಲಿ ಭತ್ತದ ಜಾಗಕ್ಕೆ ಅಡಿಕೆ ಬಂದದ್ದು ಆ ಲೆಕ್ಕದಲ್ಲಿ ಬದಲಾವಣೆಯೇ ಅಲ್ಲ.

ಉಪಗ್ರಹ ಮಾತ್ರ ಎರಡನ್ನೂ ಬೇರೆ ಮಾಡಿ ನೋಡಬಲ್ಲದು. 2015ರಲ್ಲಿ ಯುರೋಪು ಹಾರಿಸಿದ ಸೆಂಟಿನೆಲ್-2ರ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ 10 ಮೀಟರ್ ಚೌಕ, ಹೆಚ್ಚುಕಡಿಮೆ ಒಂದು ಗುಂಟೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಿರುಗಿಸುತ್ತದೆ. ಇವೆರಡರ ಅಂತರವನ್ನು ವರ್ಷವಿಡೀ ಅಳೆದು ಗೆರೆ ಎಳೆದರೆ ಗದ್ದೆಯ ಗೆರೆ ನಾಟಿಯ ನೀರಿನಲ್ಲಿ ಕುಸಿದು, ಪೈರಿನೊಂದಿಗೆ ಏರಿ, ಕೊಯ್ಲಿಗೆ ಮತ್ತೆ ಬೀಳುತ್ತದೆ. ತೋಟದ ಗೆರೆ ಬೇಸಿಗೆಯಲ್ಲೂ ಅಷ್ಟಾಗಿ ಇಳಿಯದು.

ತೋಟ ಎಲ್ಲಿ ಏಳುತ್ತದೆ ಎಂಬುದನ್ನು ಬಹುಪಾಲು ನೀರೇ ತೀರ್ಮಾನಿಸುತ್ತದೆ. ನಾಲೆಗೆ ಸರದಿಯುಂಟು, ಬಂದ್ ಆಗುವ ತಿಂಗಳುಗಳುಂಟು. ಅಡಿಕೆಗೆ ಬೇಸಿಗೆಯಲ್ಲೂ ತಪ್ಪದೆ ನೀರು ಬೇಕು. ಹಾಗಾಗಿ ನಾಲೆಯ ನೀರು ಇಂಗಿ ಕೊಳವೆಬಾವಿ ಕೈಕೊಡದ ಕಡೆ ಅಡಿಕೆಗೆ ಧೈರ್ಯ ಬರುತ್ತದೆ. ಹೀಗೆ ಇಂಗುವ ನೀರಿನಲ್ಲಿ ತಿಂಗಳುಗಟ್ಟಲೆ ನೀರು ಕಟ್ಟಿಕೊಂಡ ಗದ್ದೆಯ ಪಾಲೂ ಇದೆ. ತನ್ನ ಕೆಳಗಿನ ನೀರು ತುಂಬಿಸಿಕೊಟ್ಟ ಗದ್ದೆಯನ್ನೇ ತೋಟ ತೆಗೆಯುತ್ತಿದೆ. ಇದರ ಬೆಲೆ ಅಡಿಕೆ ಧಾರಣೆಯಲ್ಲಿ ಸೇರುವುದಿಲ್ಲ.

ಇನ್ನೊಂದು ಒತ್ತಡ ಬದುವಿನ ಆಚೆಯದು. ಪಕ್ಕದವರ ಮರ ಎತ್ತರವಾದರೆ ನೆರಳಿಗೆ ಭತ್ತ ಸೊರಗುತ್ತದೆ. ಇವರ ಗದ್ದೆಯ ನೀರು ಅವರ ಬೇರಿಗೆ ಆಗದು, ಬಸಿಗಾಲುವೆ ತೋಡಬೇಕು, ಜಗಳ ಬೇರೆ. ಕೊನೆಗೆ ಇವರೂ ಸಸಿ ನೆಡುತ್ತಾರೆ. ತೋಟ ಒಂಟಿಯಾಗಿ ಉಳಿಯದೆ ಗುಂಪಾಗಿ ಹಬ್ಬಲು ಇದೂ ಕಾರಣ.

ಧಾರಣೆಯ ಆಸೆ ಎಲ್ಲರಿಗೂ ಗೊತ್ತಿರುವಂಥದ್ದೇ. ಆಳಿನ ಕೊರತೆಯನ್ನು ನಾನು ಅದಕ್ಕಿಂತ ಕಡಿಮೆ ಎಂದು ಹೇಳಲಾರೆ. ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೆ ಕೊಯ್ಲು, ಸುಲಿತ, ಬೇಯಿಸುವುದು ಎಲ್ಲ ಚೇಣಿದಾರರ ತಲೆನೋವು. ಮಕ್ಕಳು ಪಟ್ಟಣ ಸೇರಿದ ಮನೆಗೆ ಇದು ಸಣ್ಣ ಅನುಕೂಲವಲ್ಲ.

ಉಪಗ್ರಹಕ್ಕೂ ಒಂದು ತೊಡಕಿದೆ. ಸಸಿ ನೆಟ್ಟ ಮೊದಲ ವರ್ಷಗಳಲ್ಲಿ ನಡುವೆ ಬಾಳೆ ಇರುತ್ತದೆ, ಇಲ್ಲವೇ ಬರೀ ಮಣ್ಣು ಕಾಣುತ್ತದೆ. ನಕ್ಷೆಯಲ್ಲಿ ತೋಟ ಮೂಡುವಷ್ಟರಲ್ಲಿ ರೈತ ತೀರ್ಮಾನಿಸಿ ವರ್ಷಗಳೇ ಕಳೆದಿರುತ್ತವೆ. ಮುಂಚೆಯೇ ತಿಳಿಯಬೇಕೆಂದರೆ ಸುತ್ತಲಿನ ನರ್ಸರಿಗಳಲ್ಲಿ ಎಷ್ಟು ಅಡಿಕೆ ಸಸಿ ಹೋಯಿತೆಂದು ವಿಚಾರಿಸುವುದೇ ವಾಸಿ.