ಕೊಂಡಿ ಕಟ್ಟುವ ಕೈ

ಇಳಕಲ್ಲಿನ ನೇಕಾರರ ಓಣಿ ಹೊಕ್ಕರೆ ಮೊದಲು ಕಿವಿಗೆ ಬೀಳುವುದು ಪವರ್‌ಲೂಮಿನ ಗದ್ದಲ. ಕುಣಿಮಗ್ಗದ ಸದ್ದು ಕೇಳಬೇಕಾದರೆ ಇನ್ನೂ ಒಳಗೆ, ತಲೆಬಾಗಿ ಹೊಸ್ತಿಲು ದಾಟುವ ಮನೆಗಳಿಗೆ ಹೋಗಬೇಕು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತವನು ಸೊಂಟದಿಂದ ಮೇಲಷ್ಟೇ ಕಾಣುತ್ತಾನೆ. ಕೆಳಗೆ ಕಾಲು ತುಳಿಯುತ್ತದೆ, ಮೇಲೆ ಕೈ ಹಗ್ಗ ಜಗ್ಗುತ್ತದೆ, ಲಾಳಿ ಅತ್ತಿಂದಿತ್ತ ಓಡುತ್ತದೆ. ಫೋಟೊ ತೆಗೆಯಲು ಬಂದವರು ಇಲ್ಲೇ ನಿಲ್ಲುತ್ತಾರೆ. ಕೈಮಗ್ಗ ಮೇಳದ ಬ್ಯಾನರಿನಲ್ಲೂ ಇದೇ ಚಿತ್ರ.

ಅಲ್ಲಿಂದ ನಾಲ್ಕು ಹೆಜ್ಜೆ ಆಚೆ, ಪಡಸಾಲೆಗೆ ಬಿಸಿಲು ಬೀಳುವ ಕಡೆ ಒಬ್ಬ ಹೆಣ್ಣುಮಗಳು ಕೊಂಡಿ ಕಟ್ಟುತ್ತಿದ್ದಾಳೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಕೂಡಿಸಬೇಕು. ಎಳೆಗಳು ಸಾವಿರಾರು. ಒಂದು ತಪ್ಪಿದರೆ ಸೆರಗಿನಲ್ಲಿ ಗೆರೆ ಬಿತ್ತೆಂದೇ ಲೆಕ್ಕ. ಕಣ್ಣು ಎತ್ತದೆ, ಬೆರಳ ತುದಿಯಲ್ಲೇ ಎಳೆ ಗುರುತಿಸುತ್ತ ಹೋಗುತ್ತಾಳೆ. ನಡುವೆ ಒಲೆಯ ಮೇಲಿನ ಹಾಲು ನೋಡಿ ಬರುತ್ತಾಳೆ. ಬಂದು ಕೂತರೆ ಬಿಟ್ಟ ಎಳೆಯಿಂದಲೇ ಮತ್ತೆ ಶುರು.

ಇಳಕಲ್ ಸೀರೆಯನ್ನು ಇಳಕಲ್ ಸೀರೆ ಮಾಡಿರುವುದು ಈ ಕೊಂಡಿಯೇ. ಕೆಂಪಿನ ನಡುವೆ ಬಿಳಿ ತೆನೆ, ಹಣಿಗೆಗಳು ಎದ್ದು ನಿಲ್ಲುವ ಟೋಪ ತೆನಿ ಸೆರಗು ಒಡಲಿನ ಬಣ್ಣ ಬೆರೆಯದೆ ಅಚ್ಚ ಕೆಂಪಾಗಿ ಉಳಿಯುವುದು ಹಾಸೇ ಬೇರೆಯಾಗಿರುವುದರಿಂದ. ಒಮ್ಮೆ ಉದ್ದಕ್ಕೆ ಹಾಸು ಹೂಡಿ ಹತ್ತಾರು ಸೀರೆ ನೇಯ್ದು ಕತ್ತರಿಸುವಂತಿಲ್ಲ, ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಕಟ್ಟಬೇಕು. ಪವರ್‌ಲೂಮಿನ ನಕಲಿಗೆ ಸಾಮಾನ್ಯವಾಗಿ ಈ ಗೋಜಿಲ್ಲ. ಅದಕ್ಕೇ ಅದು ಅಗ್ಗ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕೇಂದ್ರದ ಕಾಯ್ದೆ 1985ರಿಂದ ಇದೆ. ಓಣಿಯ ಗದ್ದಲವೂ ಇದೆ.

"ನೀವೂ ನೇಯ್ತೀರೇನವ್ವಾ?" ಅಂದರೆ ಆಕೆ ನಗುತ್ತಾಳೆ. "ನೇಯೋರು ಅವ್ರು ರೀ. ನಾ ಮನಿಯಾಗ ಕುಂತು ಅವ್ರಿಗಿ ಒಂದೀಟು ಕೈಗೂಡಸ್ತೀನಿ."

ಒಂದೀಟು ಎಂದರೆ ಏನೇನು? ನೂಲು ಬಿಡಿಸುವುದು, ರಾಟಿ ತಿರುಗಿಸಿ ಕಂಡಿಕೆ ಸುತ್ತುವುದು, ಹಾಸಿನ ಎಳೆಗಳಿಗೆ ಗಂಜಿ ಹಚ್ಚುವಾಗ ಜತೆಗೆ ನಿಲ್ಲುವುದು, ಕೊಂಡಿ ಕಟ್ಟುವುದು. ಸಾವಕಾರ ನೂಲು ಕೊಟ್ಟು, ನೇಯ್ದ ಸೀರೆ ತಗೊಂಡು, ಸೀರೆಗಿಷ್ಟು ಎಂದು ಮಜೂರಿ ಎಣಿಸುತ್ತಾನೆ. ಆ ದುಡ್ಡು ಮಗ್ಗದ ಮೇಲೆ ಕೂತವನ ಕೈಗೆ ಬರುತ್ತದೆ. ಒಂದು ಮಜೂರಿಯಲ್ಲಿ ಎರಡು ಜೀವದ ದುಡಿಮೆ ಮುಚ್ಚಿಹೋಗುತ್ತದೆ. ಅದೂ ಎಂಥ ಮಜೂರಿ! 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ಮೂರರಲ್ಲಿ ಸುಮಾರು ಎರಡು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿ ದಾಟುತ್ತಿರಲಿಲ್ಲ.

ದುಡಿಮೆಯನ್ನೇ ಕಾಯಕವೆಂದ ಶರಣರ ಕೂಡಲಸಂಗಮ ಇರುವುದು ಇಳಕಲ್ ಇರುವ ಇದೇ ಬಾಗಲಕೋಟೆ ಜಿಲ್ಲೆಯಲ್ಲಿ. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದನೆಂದು ಅದನ್ನು ಮರಳಿ ಸುರಿದು ಬರಲು ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಆ ಶರಣರ ನಡುವಿನವಳು. ಕಾಯಕದ ಮಾತು ಎತ್ತಿದಲ್ಲೆಲ್ಲ ಅವಳ ಕತೆ ಹೇಳುತ್ತೇವೆ. ಆದರೆ ಹೆಚ್ಚಾದದ್ದನ್ನು ಬೇಡವೆನ್ನಲು ಮೊದಲು ಬರಬೇಕಾದದ್ದು ಕೈಗೆ ಬಂದಿರಬೇಕಲ್ಲ? ದುಡಿಯುವವರಿಗೆ ಕಾಯಕದ ಹಿರಿಮೆ ಬೋಧಿಸುವುದು ಅವರಿಗೆ ಕೂಲಿ ಎಣಿಸುವುದಕ್ಕಿಂತ ಯಾವಾಗಲೂ ಸಲೀಸು.

ಕೊಂಡಿ ಮುಗಿಯಿತು. ಆಕೆ ಹಾಸಿನ ಮೇಲೆ ಅಂಗೈ ಆಡಿಸಿ, ಮಗ್ಗದತ್ತ ನೋಡಿ "ಆತು" ಅಂದಳು. ಇನ್ನು ಸೀರೆ ಅವನದು, ಆಮೇಲೆ ಸಾವಕಾರನದು, ಆಮೇಲೆ ಶೋರೂಮಿನದು.

ಪ್ರಶಸ್ತಿ, ಮೇಳ, ಆಗಸ್ಟ್ 7ರ ಕೈಮಗ್ಗ ದಿನ ಎಲ್ಲವೂ ಇರಲಿ. ಅದರ ಜತೆಗೆ ಮಜೂರಿಯ ಚೀಟಿಯಲ್ಲಿ ಕೊಂಡಿಗೆಂದು ಬೇರೆಯೇ ಒಂದು ಸಾಲು ಬೇಕು. ಆ ಸಾಲಿನ ದುಡ್ಡು ಕೊಂಡಿ ಕಟ್ಟಿದವಳ ಹೆಸರಿನ ಖಾತೆಗೇ ಬೀಳಬೇಕು. ಸಹಕಾರ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.