ಪರದೇಶದ ಪೇಢಿ, ಅಲ್ಲಿಯ ಕಾಯ್ದೆ

ಮೊದಲು ನಮ್ಮ ಹುಡುಗರು ನೌಕರಿ ಹುಡುಕಿಕೊಂಡು ಪರದೇಶಕ್ಕೆ ಹೋಗುತ್ತಿದ್ದರು. ಈಗ ಅಲ್ಲಿಯೇ ಪೇಢಿ ಹಾಕಿ ನಾಲ್ಕು ಜನರಿಗೆ ಪಗಾರ ಕೊಡುವವರೂ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮನೆಗಳಲ್ಲಿ ಇದ್ದಾರೆ. ಸಂತೋಷದ ಮಾತು. ಆದರೆ ಬಂಡವಾಳ ಒಂದಿದ್ದರೆ ಮಾಲಕನಾಗಲು ಬರುವುದಿಲ್ಲ ಎಂಬುದನ್ನು ನಾವು ತಡವಾಗಿ ಕಲಿತೆವು. ಕಲಿತ ಬಗೆಯನ್ನು ಮುಚ್ಚಿಡದೆ ಬರೆಯುತ್ತೇವೆ.

ನಮ್ಮದು ಇಚಲಕರಂಜಿಯಲ್ಲಿ ಬಟ್ಟೆ ವ್ಯಾಪಾರ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹಾಕಿದ ಊರಿದು. ಇಲ್ಲಿ ಆಳು ಇಟ್ಟುಕೊಳ್ಳುವ ರೀತಿ ನಿಮಗೆ ಗೊತ್ತೇ ಇದೆ. ಪರಿಚಯದವರು ಹುಡುಗನನ್ನು ಕರೆತರುತ್ತಾರೆ. ಒಂದಿಷ್ಟು ಮುಂಗಡ ಕೊಡುತ್ತೇವೆ. ಅದಕ್ಕೆ ‘ಬಾಕಿ’ ಎಂದು ಹೆಸರು. ಬಾಕಿ ತೀರುವವರೆಗೆ ಅವನು ಬೇರೆ ಕಡೆ ಹೋಗುವಂತಿಲ್ಲ. ನಿಪ್ಪಾಣಿಯಲ್ಲಿ ಶಾಖೆ ತೆರೆದಾಗ ಮೊದಲ ಪಾಠವಾಯಿತು. ಕಾಗಲ ಬಿಟ್ಟು ಕೊಗನೊಳ್ಳಿಗೆ ಬಂದರೆ ಸಾಕು, ಅಂಗಡಿ ಕಾಯ್ದೆ ಬೇರೆ. ಅಲ್ಲಿ ಕರ್ನಾಟಕದ 1961ರದು, ಇಲ್ಲಿ ಮಹಾರಾಷ್ಟ್ರದ 2017ರದು. ವೃತ್ತಿ ತೆರಿಗೆಯ ಲೆಕ್ಕವೂ ಬೇರೆ. ಮಾತು ಒಂದೇ, ಬೀಗರೂ ಅಲ್ಲಿಯವರೇ, ಆದರೂ ಹಾಜರಿ ಪುಸ್ತಕ ಎರಡು. ಇಷ್ಟಕ್ಕೇ ಗೊಣಗುತ್ತಿದ್ದವರು ನಾವು.

2022ರಲ್ಲಿ ನಮ್ಮ ತಮ್ಮನ ಮಗ ಬರ್ ದುಬೈ ಪೇಟೆಯಲ್ಲಿ ಬಟ್ಟೆ ಅಂಗಡಿ ಹಾಕಿದನು. ಅದೇ ವರ್ಷದ ಫೆಬ್ರವರಿ 2ರಿಂದ ಅಲ್ಲಿ ಹೊಸ ಕಾರ್ಮಿಕ ಕಾಯ್ದೆ ಜಾರಿಗೆ ಬಂದಿತ್ತು. ಗಡಹಿಂಗ್ಲಜ ಕಡೆಯ ಇಬ್ಬರನ್ನು, ಕೇರಳದವನೊಬ್ಬನನ್ನು ಕೆಲಸಕ್ಕೆ ತೆಗೆದುಕೊಂಡನು. ಅಲ್ಲಿ ಬಾಯಿಮಾತಿನ ನೇಮಕ ನಡೆಯುವುದಿಲ್ಲ. ಕರಾರುಪತ್ರ ಅಲ್ಲಿಯ ಕಾರ್ಮಿಕ ಮಂತ್ರಾಲಯದಲ್ಲಿ ದಾಖಲಾಗಬೇಕು. ಪಗಾರ 2009ರಲ್ಲಿ ಶುರುವಾದ ಸರಕಾರಿ ವ್ಯವಸ್ಥೆಯ ಮೂಲಕವೇ ಜಮೆಯಾಗಬೇಕು. ತಡವಾದರೆ ಮಂತ್ರಾಲಯಕ್ಕೆ ತಾನಾಗಿಯೇ ತಿಳಿಯುತ್ತದೆ. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ. ಹೆಚ್ಚಿನ ತಾಸಿಗೆ ಕಾಲು ಪಟ್ಟು ಹೆಚ್ಚು ಕೂಲಿ, ರಾತ್ರಿಯಾದರೆ ಅರ್ಧ ಪಟ್ಟು. ವರ್ಷಕ್ಕೆ 30 ದಿನ ಪಗಾರೀ ರಜೆ. ಗ್ರಾಚ್ಯುಟಿಗೆ ನಮ್ಮಲ್ಲಿ 10 ಜನ ನೌಕರರಿರಬೇಕು, ಲೆಕ್ಕ ವರ್ಷಕ್ಕೆ 15 ದಿನದ್ದು. ಅಲ್ಲಿ ಒಬ್ಬನೇ ಇದ್ದರೂ, ಒಂದು ವರ್ಷ ತುಂಬಿದ್ದರೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಪಗಾರ, ಆಮೇಲೆ 30 ದಿನದ್ದು.

ಇಲ್ಲಿಂದ ಹೊರಡುವಾಗಲೂ ಕಾಯ್ದೆ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೆಯ ಇಯತ್ತೆ ಪಾಸಾಗದವನು ದುಡಿಮೆಗೆ ಕೊಲ್ಲಿ ದೇಶಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅಧಿಕಾರಿಯ ಅನುಮತಿ ಬೇಕು. ಪಾಸಾದವನಿಗೆ ಬೇಡ. ನಮ್ಮ ಮ್ಯಾಟ್ರಿಕ್ ಸರ್ಟಿಫಿಕೇಟಿಗೂ ಇಷ್ಟು ಬೆಲೆ ಇದೆಯೆಂದು ಆಗ ತಿಳಿದು ನಗು ಬಂತು.

ನಗು ಉಳಿಯಲಿಲ್ಲ. ಹುಡುಗರು ಹೋಗಿ ಮುಟ್ಟಿದ ದಿನ ಮಗ ಫೋನು ಮಾಡಿ ಕೇಳಿದ, “ದೊಡ್ಡಪ್ಪಾ, ಇವರ ಪಾಸ್‌ಪೋರ್ಟ್ ಏನ ಮಾಡ್ಲಿ?” “ತಿಜೋರಿಯೊಳಗ ಇಡಪ್ಪಾ, ಎಲ್ಯಾರ ಕಳಕೊಂಡಾರು” ಎಂದೆವು. ಬಾಯಲ್ಲಿ ಜೋಪಾನದ ಮಾತು. ಮನಸ್ಸಿನಲ್ಲಿದ್ದದ್ದು ಬಾಕಿಯ ಲೆಕ್ಕ. ವೀಸಾಕ್ಕೆ ಇಷ್ಟು ಖರ್ಚು ಮಾಡಿದ್ದೇವೆ, ಬಿಟ್ಟು ಹೋದರೆ? ಆ ಖರ್ಚನ್ನು ಹುಡುಗರ ಖಾತೆಗೆ ಬರೆಯಲಿಕ್ಕೂ ಹೇಳಿದ್ದೆವು. ಎರಡನ್ನೂ ಅಲ್ಲಿಯ ಕಾಯ್ದೆ ಒಪ್ಪುವುದಿಲ್ಲ. ನೇಮಕದ ಖರ್ಚು ಮಾಲಕನದು. ನೌಕರನ ಪಾಸ್‌ಪೋರ್ಟ್ ಹಿಡಿದಿಡುವಂತಿಲ್ಲ.

2023ರ ಶ್ರಾವಣದಲ್ಲಿ ಒಬ್ಬ ಹುಡುಗನ ತಂದೆಗೆ ಹೃದಯಾಘಾತವಾಯಿತು. ಮಗ ಆಗ ಮಾಲು ಖರೀದಿಗೆ ಸೂರತ್ತಿಗೆ ಬಂದಿದ್ದ. ತಿಜೋರಿಯ ಕೀಲಿಕೈ ಅವನ ಜೇಬಿನಲ್ಲಿ. ಅವನು ತಿರುಗಿ ಹೋಗಿ ತಿಜೋರಿ ತೆಗೆಯುವಷ್ಟರಲ್ಲಿ ಎರಡು ದಿನವಾದವು. ಹುಡುಗ ಊರು ಮುಟ್ಟಿದಾಗ ಎಲ್ಲ ಮುಗಿದಿತ್ತು. ನಾವು ಮಾತನಾಡಿಸಲು ಹೋದೆವು. ಅವನು ಜಗಳವಾಡಲಿಲ್ಲ. “ಸಾವಕಾರ್ರ, ಪಾಸ್‌ಪೋರ್ಟ್ ನನ್ನ ಕಡೆ ಇದ್ದಿದ್ರ ಅಪ್ಪನ ಮಾರಿ ನೋಡತಿದ್ದೆ” ಎಂದು ಮಾತ್ರ ಅಂದನು. ಅವನ ತಾಯಿ ಚಹಾ ಕೊಟ್ಟರು. ಕುಡಿಯುವುದು ಕಷ್ಟವಾಯಿತು.

ಅವನು ಅಲ್ಲಿ ದೂರು ಕೊಡಬಹುದಿತ್ತು, ಕೊಡಲಿಲ್ಲ. ಮನೆಗೆ ಬಂದ ರಾತ್ರಿ ನಮಗೆ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಅತಿಚಾರಗಳು ನೆನಪಾದವು. ಅಚೌರ್ಯಾಣುವ್ರತದ ಐದರಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದು. ಅದನ್ನು ಸುಂಕ ತಪ್ಪಿಸುವವರಿಗೆ ಹೇಳಿದ್ದೆಂದು ಐವತ್ತು ವರ್ಷ ತಿಳಿದಿದ್ದೆವು. ಪರರಾಜ್ಯದ ಕಾಯ್ದೆ ಮೀರಿ ದುಡಿಸಿಕೊಳ್ಳುವುದೂ ಅದರಲ್ಲಿ ಬರುತ್ತದೆಂದು ಹೊಳೆದಿರಲಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ‘ಬಂಧ’. ಕಟ್ಟಿಹಾಕಲು ಹಗ್ಗವೇ ಬೇಕೆಂದಿಲ್ಲ.

ಮರುದಿನವೇ ಮೂವರ ಪಾಸ್‌ಪೋರ್ಟ್ ಅವರವರ ಕೈಗೆ ಹೋದವು. ಖಾತೆಯಲ್ಲಿ ಬರೆದ ವೀಸಾ ಖರ್ಚನ್ನು ಹೊಡೆದು ಹಾಕಿಸಿ, ಕಡಿದ ಹಣ ತಿರುಗಿ ಕೊಡಿಸಿದೆವು. ಮುಂಗಡ ಕೊಟ್ಟರೆ ಈಗ ಬಡ್ಡಿ ಇಲ್ಲ. ಪಗಾರದಲ್ಲಿ ಕಡಿಯುವ ಮೊದಲು ನೌಕರನ ಲಿಖಿತ ಒಪ್ಪಿಗೆ ಬೇಕು. ಅಲ್ಲಿಯ ಕಾಯ್ದೆಯೇ ಹಾಗಿದೆ. ಕೇರಳದ ಹುಡುಗ ಮರುವರ್ಷ ಬೇರೆ ಅಂಗಡಿಗೆ ಹೋದನು. ನಮ್ಮ ಭಯ ಅಷ್ಟರಮಟ್ಟಿಗೆ ಸುಳ್ಳಲ್ಲ. ಗ್ರಾಚ್ಯುಟಿ ಲೆಕ್ಕಮಾಡಿ ಕೊಟ್ಟು ಕಳಿಸಿದೆವು. ತಂದೆಯನ್ನು ಕಳೆದುಕೊಂಡವನು ಮೂರು ತಿಂಗಳು ಊರಲ್ಲಿದ್ದು ತಿರುಗಿ ಹೋದನು, ಇನ್ನೂ ಅಲ್ಲೇ ಇದ್ದಾನೆ. ಯಾಕೆ ಹೋದನೆಂದು ಕೇಳುವ ಧೈರ್ಯ ನಮಗೆ ಆಗಿಲ್ಲ.

ಮಕ್ಕಳಿಗೆ ಪರದೇಶದಲ್ಲಿ ಅಂಗಡಿ ಹಾಕಿಕೊಡುವವರು ಯಾರಾದರೂ ಇದ್ದರೆ, ದುಬೈಯ ಕರಾರುಪತ್ರದ ಪ್ರತಿಯೊಂದು ನಮ್ಮಲ್ಲಿದೆ. ಮಧ್ಯಾಹ್ನ ಅಂಗಡಿಯಲ್ಲಿ ಇರುತ್ತೇವೆ, ಬಂದು ನೋಡಬಹುದು.